ಹಾಕಿದವರೇ ತೆಗೆಯುವ ಬೀಗ

ಛಟಾರ್!

ಏಟು ಅವನ ಕೆನ್ನೆಗೆ ಬಿದ್ದ ಮೇಲೆಯೇ ತನ್ನ ಕೈ ಮೇಲೆದ್ದದ್ದು ಅವಳಿಗೆ ಗೊತ್ತಾಯಿತು.

ಕಾಗದದ ಗಿರಣಿಯ ದೊಡ್ಡ ರೋಲರುಗಳ ನಡುವಿನಿಂದ ಅವಳು ಆಗಷ್ಟೇ ತೆವಳಿ ಹೊರಗೆ ಬಂದಿದ್ದಳು. ಮೊಣಕೈವರೆಗೆ ಗ್ರೀಸು. ಎದುರಿಗೆ, ಮೇನ್ ಸ್ವಿಚ್ಚಿನ ಬಳಿ, ಹೊಸದಾಗಿ ಸೇರಿದ್ದ ಫಿಟ್ಟರ್. ಅವನ ಕೈಯಲ್ಲಿ ಬೀಗ ಕತ್ತರಿಸುವ ಉದ್ದ ಹಿಡಿಯ ಕಟ್ಟರ್.

ಸ್ವಿಚ್ಚಿಗೆ ಹಾಕಿದ್ದ ಕೆಂಪು ಬೀಗ ಅವಳದು.

"ಬೀಗ ಇದೆ ಅಂದ್ರೆ ಒಳಗೆ ಜೀವ ಇದೆ ಅಂತ! ಅಷ್ಟೂ ಗೊತ್ತಿಲ್ವಾ ನಿಮ್ಗೆ?"

ಅವನು ಕಟ್ಟರನ್ನು ಮೆಲ್ಲಗೆ ನೆಲಕ್ಕಿಟ್ಟು ಹಿಂದೆ ಸರಿದ.

ಯಂತ್ರದೊಳಗೆ ಇಳಿಯುವವರು ಸ್ವಿಚ್ ಆರಿಸಿ ಅದಕ್ಕೆ ತಮ್ಮದೇ ಬೀಗ ಹಾಕಬೇಕು. ಕೀಲಿ ತಮ್ಮ ಜೇಬಿನಲ್ಲೇ ಇರಬೇಕು. ಹಾಕಿದವರ ಹೊರತು ಬೇರೆ ಯಾರೂ ಅದನ್ನು ತೆಗೆಯುವಂತಿಲ್ಲ. ಕಸುಬಿನವರ ನಡುವೆ ಅದು ಆಣೆಯ ಹಾಗೆ. ಆದರೆ ಗಿರಣಿಯ ನಿಯಮಗಳಲ್ಲಿ ಆ ಮಾತಿರಲಿಲ್ಲ. ಉತ್ಪಾದನೆ ನಿಂತರೆ ಮ್ಯಾನೇಜರ್ ಕಟ್ಟರ್ ಕಳಿಸುತ್ತಿದ್ದರು.

ಅವಳ ಗಂಡನೂ ಇಲ್ಲೇ ಎಲೆಕ್ಟ್ರಿಷಿಯನ್ ಆಗಿದ್ದ. ಇದೇ ಯಂತ್ರದೊಳಗೆ ಹೋದ. ಬರಲಿಲ್ಲ. ಅವನು ಬೀಗವನ್ನೇ ಹಾಕಿರಲಿಲ್ಲ ಎಂದರು ಗಿರಣಿಯವರು. ಹಾಗಾದರೆ ಅವನ ಜೇಬಿನಲ್ಲಿ ಕೀಲಿ ಏಕಿತ್ತು?

ಅವಳು ಕೇಳಲಿಲ್ಲ. ಡಿಪ್ಲೊಮಾ ಇತ್ತು, ಅವನ ಕೆಲಸ ಕೊಟ್ಟರು, ತೆಗೆದುಕೊಂಡಳು. ಆಮೇಲೆ ಅಳುವೂ ಬರಲಿಲ್ಲ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕ್ರೇನ್ ಮಾವ ಪಕ್ಕ ಬಂದು ಕೂತ. ಕ್ರೇನ್ ನಡೆಸುವ ಈ ಮುದುಕನಿಗೆ ಮೇಲಿನಿಂದ ಎಲ್ಲವೂ ಕಾಣುತ್ತದೆ.

"ಫ್ಯೂಸಕ್ಕ, ಏಟು ಚೆನ್ನಾಗಿತ್ತು. ಆಳು ಮಾತ್ರ ತಪ್ಪು."

"ಅಂದ್ರೆ?"

"ಕತ್ತರಿಸೋಕೆ ಬಂದಿದ್ದು ಶಿಫ್ಟ್ ಆಫೀಸರು. ಆ ಹುಡುಗ ಅವರ ಕೈಯಿಂದ ಕಿತ್ಕೊಂಡ. ಅವರು ಬೈಕೊಂಡು ಹೋದ್ರು, ನೀನು ಎದ್ದು ಬಂದೆ, ಬಾರಿಸ್ದೆ!"

ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟಳು. ಅಯ್ಯೋ... ಎಂಥಾ ಕೆಲಸ ಮಾಡಿಬಿಟ್ಟೆ!

ಫಿಟ್ಟರ್ ನಲ್ಲಿಯ ಬಳಿ ಡಬ್ಬಿ ತೊಳೆಯುತ್ತಿದ್ದ. ಕೆನ್ನೆಯ ಮೇಲೆ ಇನ್ನೂ ಅವಳ ಗ್ರೀಸಿನ ಬೆರಳುಗಳು.

"ಯಾಕ್ರೀ ಆಗ್ಲೇ ಹೇಳ್ಲಿಲ್ಲ?"

"ನೀವು ಕೂಗ್ತಿದ್ರಿ. ನನ್ನ ಮಾತು ಕೇಳಿಸ್ತಿರ್ಲಿಲ್ಲ."

"ತಪ್ಪಾಯ್ತು."

"ತಪ್ಪೊಪ್ಪಿಗೆ ಬೇಡ. ಸಂಘಕ್ಕೆ ಬನ್ನಿ."

ತಂತ್ರಜ್ಞರ ಸಂಘ! ಇದುವರೆಗೆ ಗುಸುಗುಸುವಿನಲ್ಲಷ್ಟೇ ಕೇಳಿದ್ದಳು. ಗಿರಣಿಯವರು ತಂತ್ರಜ್ಞರೆಲ್ಲರ ಗುರುತಿನ ಚೀಟಿಗಳ ಮೇಲೆ 'ತಾಂತ್ರಿಕ ಅಧಿಕಾರಿ' ಎಂದು ಅಚ್ಚು ಹಾಕಿಸಿದ್ದರು. ಅಧಿಕಾರಿಗಳಿಗೆ ಸಂಘವೇಕೆ ಎಂಬ ವಾದ.

"ಮನೇಲಿ ಅತ್ತೆ ಇದ್ದಾರೆ. ಕೆಲಸ ಹೋದ್ರೆ ನಾವಿಬ್ರೂ ಬೀದಿಗೆ."

"ನಾನು ಬಲವಂತ ಮಾಡಲ್ಲ."

ಹೊರಟವಳು ತಿರುಗಿದಳು. "ಎಲ್ಲರೂ ಫ್ಯೂಸಕ್ಕ ಅಂತಾರೆ. ನೀವು ಯಾಕೆ ಅಕ್ಕ ಅನ್ನಲ್ಲ?"

ಅವನು ಡಬ್ಬಿಯನ್ನು ಮತ್ತೆ ತೊಳೆಯತೊಡಗಿದ. "ಅನ್ನೋಕಾಗಲ್ಲ."

ಆ ದಿನವಿಡೀ ಅವಳ ಕಿವಿ ಬೆಚ್ಚಗಿತ್ತು.

ಮನೆಯಲ್ಲಿ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಎದ್ದು, ಕಪಾಟಿನಿಂದ ಮಗನ ಕೀಲಿ ತಂದು ಅವಳ ಮುಂದಿಟ್ಟರು.

"ನನ್ನ ಹೆಸರು ಹೇಳ್ಕೊಂಡು ಹೆದರ್ಬೇಡ ಕಣೆ. ಇದಕ್ಕೆ ಉತ್ತರ ಕೇಳೋರು ಯಾರೂ ಇಲ್ವಾ?"

ಮಾರನೆಯ ದಿನ ಅವಳು ಸಂಘ ಸೇರಿದಳು. ಬಾಯ್ಲರಿನವರು, ವೆಲ್ಡರುಗಳು, ಅಳತೆಯ ಮೀಟರು ನೋಡುವವರು ಒಬ್ಬೊಬ್ಬರಾಗಿ ಬಂದರು. ಫಿಟ್ಟರ್ ಕಡಿಮೆ ಮಾತಾಡುತ್ತಿದ್ದ, ಅವಳು ಜಗಳವಾಡಿಯೇ ಜನರನ್ನು ಕರೆತರುತ್ತಿದ್ದಳು. ಬೇಡಿಕೆ ಒಂದೇ: ಹಾಕಿದವರ ಹೊರತು ಯಾರೂ ಬೀಗ ಮುಟ್ಟಬಾರದು. ಅದು ಬರವಣಿಗೆಯಲ್ಲಿ ಬೇಕು. ಆಗುವವರೆಗೆ ಯಂತ್ರ ತಿರುಗುವುದಿಲ್ಲ.

ಮುಷ್ಕರದ ಹಿಂದಿನ ದಿನ ಅವನು ಬಿಳಿ ಹೆಲ್ಮೆಟ್ ಹಾಕಿಕೊಂಡು ಬಂದ.

ಬಿಳಿ ಹೆಲ್ಮೆಟ್ ಹಾಕುವವರು ಶಿಫ್ಟ್ ಆಫೀಸರುಗಳು!

ಹಾಗಾದರೆ ಇಷ್ಟು ದಿನದ್ದೆಲ್ಲ...?

"ಒಂದು ಮಾತು ಕೇಳಿ..." ಎಂದು ಹತ್ತಿರ ಬಂದ.

"ಸಾಹೇಬ್ರಿಗೆ ನನ್ನ ಹತ್ರ ಏನು ಮಾತು?"

ಅವಳು ತಿರುಗಿ ನೋಡದೆ ನಡೆದಳು.

ಬೆಳಿಗ್ಗೆ ಯಂತ್ರ ನಿಂತಿತು. ಮೇನ್ ಸ್ವಿಚ್ಚಿಗೆ ಅವಳು ತೂತುಗಳಿರುವ ಉಕ್ಕಿನ ಕೊಂಡಿ ಸಿಕ್ಕಿಸಿದಳು. ಒಂದೊಂದು ತೂತಿಗೆ ಒಬ್ಬೊಬ್ಬರ ಬೀಗ. ಕೊನೆಯ ತೂತಿಗೆ ಇನ್ನೊಂದು ಕೊಂಡಿ, ಅದಕ್ಕೂ ಬೀಗಗಳು, ಅದರ ಕೆಳಗೆ ಮತ್ತೊಂದು... ಹೂವಿನ ಜಡೆಯ ಹಾಗೆ ಇಳಿಬಿದ್ದವು. ಮೇಲಿನದು ಅವಳದು.

ಮ್ಯಾನೇಜರ್ ಬಂದರು. ಹಿಂದೆ ಫಿಟ್ಟರ್. ಕೈಯಲ್ಲಿ ಅದೇ ಕಟ್ಟರ್.

"ಕತ್ತರಿಸು!"

ಅವನು ಅವಳ ಬೀಗದ ಮುಂದೆ ನಿಂತ.

"ಕತ್ತರಿಸಿ," ಅವಳ ದನಿ ಬಿರುಕುಬಿಟ್ಟಿತು. "ಯಾಕೆ ನಿಂತ್ರಿ?"

ಅವನು ಬಿಳಿ ಹೆಲ್ಮೆಟ್ ತೆಗೆದು ನೆಲಕ್ಕಿಟ್ಟ. ಜೇಬಿಗೆ ಕೈಹಾಕಿ ತನ್ನ ಹಳೆಯ ಕೆಂಪು ಬೀಗ ತೆಗೆದ. ಖಾಲಿಯಿದ್ದ ತೂತಿಗೆ ಸಿಕ್ಕಿಸಿ ಒತ್ತಿದ.

ಟಕ್!

"ಈ ಹೆಲ್ಮೆಟ್ ಹಾಕ್ಕೊಳ್ಳದಿದ್ರೆ ಮೊದಲು ಇವರನ್ನ ಮನೆಗೆ ಕಳಿಸ್ತೀನಿ ಅಂದ್ರಲ್ಲ ಸಾರ್? ಈಗ ಎಲ್ಲರನ್ನೂ ಕಳಿಸ್ಬೇಕಾಗುತ್ತೆ."

ಅವಳು ಅವನತ್ತ ತಿರುಗಿದಳು. ನನಗಾಗಿಯಾ...?

ಮ್ಯಾನೇಜರ್ ಕಟ್ಟರನ್ನು ಕಿತ್ತುಕೊಂಡು ಅದರ ಬಾಯಿಯನ್ನು ಅವಳ ಬೀಗಕ್ಕೆ ಹಚ್ಚಿದರು.

"ಸಾರ್," ಎಂದಳು ಅವಳು. "ಒಳಗೆ ಯಾರಿದ್ದಾರೆ ಅಂತ ನೋಡಿದ್ದೀರಾ?"

ಅವರ ಕೈ ನಿಂತಿತು.

ಅವಳು ಗಂಡನ ಕೀಲಿಯನ್ನು ಅವರ ಕಣ್ಣ ಮುಂದೆ ಹಿಡಿದಳು. "ಆವತ್ತೂ ಯಾರೂ ನೋಡ್ಲಿಲ್ಲ. ಇದರ ಬೀಗ ಎಲ್ಲಿ ಸಾರ್?"

ಮ್ಯಾನೇಜರ್ ರೋಲರುಗಳ ನಡುವಿನ ಕತ್ತಲೆಯತ್ತ ನೋಡಿದರು. ಅವಳನ್ನು ನೋಡಿದರು. ಕಟ್ಟರ್ ನೆಲಕ್ಕೆ ಇಳಿಯಿತು. ಅವರು ಫೋನಿನ ಕಡೆ ನಡೆದರು.

ಸಂಜೆಯ ಹೊತ್ತಿಗೆ ಮಾಲೀಕರ ಸಹಿಯಾದ ನಿಯಮ ಗೋಡೆಗೆ ಬಂತು. ಸಂಘದ ಜೊತೆ ಮಾತಿಗೆ ಕೂರಲೂ ಒಪ್ಪಿದರು. ಒಬ್ಬೊಬ್ಬರೇ ಬಂದು ತಮ್ಮ ಬೀಗ ತೆಗೆದರು. ಕ್ರೇನ್ ಮಾವ ತನ್ನದನ್ನು ಮುತ್ತಿಟ್ಟು ಜೇಬಿಗಿಳಿಸಿದ.

ಉಳಿದದ್ದು ಎರಡು.

"ನೀವು ತೆಗೀರಿ," ಎಂದ ಅವನು.

ಅವಳು ಕೀಲಿ ಹಿಡಿದು ನಿಂತಳು. ಎಷ್ಟೋ ಕಾಲದ ಮೇಲೆ ಕಣ್ಣು ತುಂಬಿಬಂತು.

"ನನ್ನೊಳಗೆ ಇನ್ನೂ ಅವರಿದ್ದಾರೆ... ಗೊತ್ತಾ ನಿಮ್ಗೆ?"

"ಗೊತ್ತು. ಒಳಗೆ ಜನ ಇರೋವಾಗ ನಾನು ಬೀಗ ಮುಟ್ಟಲ್ಲ. ನೀವೇ ತೆಗೆಯೋವರೆಗೂ ಇಲ್ಲೇ ನಿಂತಿರ್ತೀನಿ."

"ತುಂಬಾ ದಿನ ಆಗ್ಬಹುದು."

"ಆಗ್ಲಿ."

ಟಕ್. ಅವಳ ಬೀಗ ತೆರೆಯಿತು. ಅವನದೂ.

ಹೊರಡುವಾಗ ಅವಳು ಕಣ್ಣೊರೆಸಿಕೊಂಡು ಹೇಳಿದಳು, "ನಾಳೆ ಮನೆಗೆ ಬನ್ನಿ. ಏಟು ತಿಂದ ಕೆನ್ನೆ ನೋಡ್ಬೇಕಂತೆ ಅತ್ತೆ."

"ಅಯ್ಯೋ! ಅದು ಆವಾಗ್ಲೇ ವಾಸಿಯಾಗಿದೆಯಲ್ಲ ರೀ?"

"ಪರವಾಗಿಲ್ಲ, ಬನ್ನಿ," ಅವಳು ನಕ್ಕಳು. "ಯಾವ ಕೆನ್ನೆ ಅಂತ ನಾನು ತೋರಿಸ್ತೀನಿ."