ಬಲಗಡೆಯ ಅರ್ಧ ಪರದೆ

ತೀರಿಕೊಂಡ ಅಕ್ಕನ ದನಿ ನನಗೆ ಮರೆತೇ ಹೋಗುತ್ತದೇನೋ ಎಂಬ ಭಯ ಈಚೆಗೆ ಕಾಡುತ್ತಿತ್ತು; ಅವ್ವನ ಮುಂದೆ ಅದನ್ನು ಆಡಿರಲಿಲ್ಲ. ಅವಳ ಮುದಿ ಲ್ಯಾಪ್‌ಟಾಪಿಗೆ ವಿಂಡೋಗಳನ್ನು ತಾನೇ ಪರದೆಯಲ್ಲಿ ಜೋಡಿಸುವ ಹಗುರವಾದ ತಂತ್ರಾಂಶ, ಟೈಲಿಂಗ್ ವಿಂಡೋ ಮ್ಯಾನೇಜರ್, ಹಾಕಿದ್ದೆ. ಅದರಲ್ಲಿ ಒಂದೇ ವಿಂಡೋ ಇದ್ದರೆ ಪರದೆ ತುಂಬುತ್ತದೆ. ಎರಡನೆಯದು ಬಂದರೆ ಮಾತ್ರ ಅರ್ಧ ಜಾಗ ಬಿಟ್ಟುಕೊಡುತ್ತದೆ.

ಹಿರಿಯರ ಹಬ್ಬದ ಮಧ್ಯಾಹ್ನ ಬನವಾಸಿಯ ಮನೆಯಲ್ಲಿ ಅವ್ವ ಅಕ್ಕನ ಫೋಟೋಕ್ಕೆ ಎಡೆ ಇಟ್ಟಳು.

"ಅಕಿ ಲ್ಯಾಪ್‌ಟಾಪನ್ನೂ ಇಡವಾ," ಎಂದು ನನಗೆ ಹೇಳಿದಳು. "ಉಣ್ಣೂದು ಬಿಟ್ಟು ಅದರ ಮುಂದ ಕುಂದರತಿದ್ಲು."

ಒಂದೇ ವಿಂಡೋ ತೆರೆದಿಟ್ಟೆ. ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕೂತೆವು. ಒಳಗೆ ಕೀಲಿಗಳ ಟಕಟಕ ಕೇಳಿಸಿತು.

"ಇಲಿ ಇರಬೇಕು," ಎಂದು ಅವ್ವ ಕಣ್ಣೊರೆಸಿಕೊಂಡಳು.

ಬಾಗಿಲು ತೆರೆದಾಗ ನನ್ನ ವಿಂಡೋ ಎಡಕ್ಕೆ ಸರಿದಿತ್ತು, ಬಲಗಡೆಯ ಅರ್ಧ ಖಾಲಿಯಿತ್ತು. ಆ ಬದಿಯ ಕೀಲಿಗಳು ಬೆಚ್ಚಗಿದ್ದವು. ಸರಿಪಡಿಸಲು ಚಾಚಿದ ಕೈ ಹಿಂದೆಗೆದೆ.

"ಅಕ್ಕಾ, ನೀ ಇಲ್ದ ನನಗ ಭಾಳ ಬ್ಯಾಸರಾಗೇತಿ," ಅಂದೆ, ಅವ್ವನಿಗೂ ಕೇಳುವಷ್ಟು ಜೋರಾಗಿ.