ಹದಿನೇಳನೇ ಪೆಟ್ಟಿಗೆ

ಹದಿನೇಳನೇ ಪೆಟ್ಟಿಗೆಯಲ್ಲಿ ಅದು ಸಿಕ್ಕಿತು. ಅವನು ‘ಇದಲ್ಲ’ ಎಂದುಬಿಟ್ಟ.

ಫೋನಿನ ಆ ತುದಿಯಲ್ಲಿ ಗೋದಾಮಿನವಳು ಬಟ್ಟೆಯ ಮಡಿಕೆ ಬಿಚ್ಚುತ್ತಾ ಹೇಳುತ್ತಿದ್ದಳು. “ಮೇಜಿನ ಮೇಲೆ ಹಾಸೋದು ಸರ್. ಬಿಳೀದು, ಈಗ ಸ್ವಲ್ಪ ಹಳದಿ ತಿರುಗಿದೆ. ಅಂಚಲ್ಲಿ ನೀಲಿ ದಾರದ ಮೀನುಗಳು, ಸ್ಕೂಲ್ ಮಕ್ಕಳ ಸಾಲಿನ ಹಾಗೆ ಒಂದರ ಹಿಂದೆ ಒಂದು. ಕೊನೇ ಮೀನಿಗೆ ತಲೆ ಇದೆ, ಬಾಲ ಇಲ್ಲ. ಸೂಜಿ ಅದರಲ್ಲೇ ಚುಚ್ಚಿಕೊಂಡು ತುಕ್ಕು ಹಿಡಿದಿದೆ.” ಅವಳ ದನಿ ಏರಿತು. “ಇದೇ ಅಲ್ವಾ ಸರ್? ನಿಮ್ಮ ಅತ್ತೆಯವರು ಕೇಳ್ತಿರೋದು?”

ಹೌದು ಎಂದರೆ ಹುಡುಕಾಟ ಮುಗಿಯುತ್ತಿತ್ತು. ಉಳಿದ ಇಪ್ಪತ್ತೊಂದು ಪೆಟ್ಟಿಗೆಗಳನ್ನು ತೆರೆಯುವ ಅಗತ್ಯವೇ ಇರುತ್ತಿರಲಿಲ್ಲ. ಲಾರಿ ಬಂದು ಎಲ್ಲವನ್ನೂ ಒಂದೇ ಸಲಕ್ಕೆ ಎತ್ತಿಕೊಂಡು ಹೋಗುತ್ತಿತ್ತು. ನಾಳೆ ಮಧ್ಯಾಹ್ನ ಒಂದು ಗಂಟೆಗೆ ಈ ಫೋನು ಬರುತ್ತಿರಲಿಲ್ಲ.

“ಇದಲ್ಲ,” ಎಂದ. “ಅದು ಬೇರೆ. ಅದರಲ್ಲಿ ಹೂವಿತ್ತು.”

“ಅಯ್ಯೋ,” ಎಂದಳು, ತನ್ನದೇ ಏನೋ ಕಳೆದುಹೋದಂತೆ. “ಹೋಗ್ಲಿ ಬಿಡಿ, ಸಿಗತ್ತೆ. ನಾನಿದೀನಲ್ಲ.”

ಆ ಕೊನೆಯ ಮಾತಿಗೆ ಅವನ ಎದೆ ಬೆಚ್ಚಗಾಯಿತು. ಅದರ ಬೆನ್ನಿಗೇ ನಾಚಿಕೆಯೂ ಬಂತು.

ಅವನು ಕನ್ನಡಕದ ಅಂಗಡಿಯವನು. ಬೀದಿಯವರ ಬಾಯಲ್ಲಿ ಅವನ ಹೆಸರೂ ‘ಕನ್ನಡಕ’ವೇ. ಮುಂದಿನ ಕೋಣೆ ಅಂಗಡಿ, ಹಸಿರು ಪರದೆಯ ಹಿಂದೆ ಮನೆ. ಮನೆಯಲ್ಲಿರುವವರು ಇಬ್ಬರು: ಅವನು, ಮತ್ತು ತೀರಿಕೊಂಡ ಹೆಂಡತಿಯ ತಾಯಿ. ನಾಲ್ಕು ವರ್ಷಗಳ ಹಿಂದೆ ಹೆಂಡತಿ ಹೋದಾಗ ಸಂಸಾರ ಮಾಡಿದ ಊರಿನಲ್ಲಿ ಇರಲಾರದೆ, ಮನೆಯ ಸಾಮಾನನ್ನೆಲ್ಲ ಮೂವತ್ತೆಂಟು ಪೆಟ್ಟಿಗೆಗಳಿಗೆ ತುಂಬಿ, ಅಲ್ಲೇ ಒಂದು ಬಾಡಿಗೆ ಗೋದಾಮಿನ ಕೋಣೆಗೆ ಹಾಕಿ, ಅತ್ತೆಯನ್ನು ಕರೆದುಕೊಂಡು ಆರು ಗಂಟೆ ಬಸ್ಸಿನ ದೂರಕ್ಕೆ ಬಂದುಬಿಟ್ಟಿದ್ದ. ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ಮೇಲೆ ಬರೆಯುವ ಚೈತನ್ಯ ಅಂದು ಇಬ್ಬರಿಗೂ ಇರಲಿಲ್ಲ.

ಈಗ ಗೋದಾಮನ್ನು ಕೆಡವುತ್ತಾರಂತೆ. ಎರಡು ತಿಂಗಳಲ್ಲಿ ಖಾಲಿ ಮಾಡಿ ಎಂದು ಕಾಗದ ಬಂತು. ಎಲ್ಲವನ್ನೂ ಯಾರಿಗಾದರೂ ಕೊಟ್ಟುಬಿಡಿ ಎಂದು ಹೇಳಲು ಅವನು ಫೋನು ಎತ್ತಿಕೊಂಡಾಗ ಅತ್ತೆ ಕೈ ಹಿಡಿದರು.

“ಅವಳ ಮೀನಿನ ಬಟ್ಟೆ ಒಂದು ತರಿಸಪ್ಪ. ಕಣ್ಣಿರೋವಾಗ ಆ ಕೊನೇ ಮೀನಿಗೆ ಬಾಲ ಹಾಕ್ಬಿಡ್ತೀನಿ.”

ಕಣ್ಣಿರುವಾಗ ಎಂಬುದು ಬರೀ ಬಾಯಿಮಾತಲ್ಲ. ಅತ್ತೆಯ ಕಣ್ಣಿನ ಒಳಪದರ ನಡುವಿನಿಂದ ಸವೆಯುತ್ತಿತ್ತು. ಡಾಕ್ಟರು ಮಾಡುವುದನ್ನೆಲ್ಲ ಮಾಡಿ ಕೈಚೆಲ್ಲಿದ್ದರು. ಪ್ರತಿ ಭಾನುವಾರ ಅವನೇ ಅಕ್ಷರದ ಹಲಗೆಯ ಎದುರು ಕೂರಿಸಿ ನೋಡುತ್ತಿದ್ದ. ಆ ವಾರ ಅತ್ತೆ ಆರನೇ ಸಾಲಿನವರೆಗೆ ಓದಿದ್ದರು.

ಅತ್ತೆಗೆ ಕಣ್ಣು ಹೋಗುವ ಮೊದಲು ಅರ್ಧ ಕಸೂತಿಯ ಒಂದು ಬಟ್ಟೆ ಬೇಕು, ಯಾವ ಪೆಟ್ಟಿಗೆಯಲ್ಲಿದೆಯೋ ಗೊತ್ತಿಲ್ಲ ಎಂದು ಅವನು ಗೋದಾಮಿನವಳಿಗೆ ಹೇಳಿದ. ಸಾಮಾನಿನ ಲೆಕ್ಕ ನೋಡಿಕೊಳ್ಳುವುದು ಅವಳ ಕೆಲಸ, ಹುಡುಕಿಕೊಡುವುದಲ್ಲ. ಆದರೂ ಒಪ್ಪಿದಳು. “ನಂಗೆ ಊಟದ ಬಿಡುವು ಒಂದು ಗಂಟೆಗೆ. ದಿನಕ್ಕೊಂದು ಪೆಟ್ಟಿಗೆ ಬಿಚ್ತೀನಿ. ತಗಡಿನ ಗೋಡೆ ಸರ್, ವಿಡಿಯೋ ನಿಲ್ಲಲ್ಲ. ನಾನು ನೋಡಿ ಹೇಳ್ತೀನಿ, ನೀವು ಯಾವುದು ಇರಬೇಕು, ಯಾವುದು ಹೋಗಬೇಕು ಅಂತ ಹೇಳಿ.”

ಅವಳು ಹೇಳುವ ರೀತಿಯೇ ಬೇರೆ.

“ಒಂದು ಇಕ್ಕಳ ಸರ್. ಬಾಯಿ ಸೊಟ್ಟಗಿದೆ, ಯಾರನ್ನೋ ಅಣಕಿಸೋ ಹಾಗೆ.”

“ನನ್ನನ್ನೇ. ಒಂದಿನ ಬಿಸಿ ಪಾತ್ರೆ ಬೀಳಿಸಿದ್ದೆ.”

“ಮುಂದೆ ಛತ್ರಿ. ಒಂದು, ಎರಡು... ಏಳು! ಮನೇಲಿ ಎಷ್ಟು ಜನ ಇದ್ರಿ?”

“ಮೂರೇ. ನಾನು ಎಲ್ಲೆಲ್ಲೋ ಮರೆತು ಬರ್ತಿದ್ದೆ, ಅವಳು ಹೊಸದು ತರ್ತಿದ್ಲು. ಆಮೇಲೆ ಹಳೇದೂ ಸಿಗ್ತಿತ್ತು.”

“ನಿಮ್ಮ ಮರೆವಿಗೇ ಒಂದು ಗೋದಾಮು ಬೇಕಿತ್ತು ಬಿಡಿ.”

ಅವನು ನಕ್ಕ. ನಕ್ಕ ಸದ್ದು ಅಂಗಡಿಯಲ್ಲಿ ಅಪರಿಚಿತನೊಬ್ಬ ಒಳಬಂದಂತೆ ಕೇಳಿಸಿ, ಬಾಯಿಗೆ ಕೈ ಅಡ್ಡ ಹಿಡಿದ. ಹೆಂಡತಿ ಹಿಡಿದು ನಡೆದ ಛತ್ರಿಗಳ ಬಗ್ಗೆ ಇನ್ನೊಬ್ಬಳ ಜೊತೆ ನಗುತ್ತಿದ್ದೇನಲ್ಲ ಅನ್ನಿಸಿತು. ಅವನು ಮಾತು ನಿಲ್ಲಿಸಿದ. ಅವಳೂ ನಿಲ್ಲಿಸಿದಳು. ಅವನ ಮೌನವನ್ನು ಅವಳು ದುಃಖವೆಂದೇ ತಿಳಿಯುತ್ತಿದ್ದಳು, ಅವನು ತಿದ್ದುತ್ತಿರಲಿಲ್ಲ.

ಹನ್ನೊಂದನೇ ಪೆಟ್ಟಿಗೆಯ ದಿನ, ಒಂದಕ್ಕೆ ಕಾಲು ಗಂಟೆ ಇರುವಾಗ, ತಾನು ತಲೆ ಬಾಚಿಕೊಳ್ಳುತ್ತಿರುವುದು ಅವನಿಗೆ ಅರಿವಾಯಿತು. ಫೋನಿಗೆ ತಲೆ ಬಾಚುವ ಗಂಡಸು! ಅಂಗಡಿಯ ಆರು ಕನ್ನಡಿಗಳಿಂದ ಆರು ಜನ ಅವನನ್ನೇ ನೋಡುತ್ತಿದ್ದರು.

ಅದಾಗಿ ಒಂದು ವಾರಕ್ಕೆ ಹದಿನೇಳನೇ ಪೆಟ್ಟಿಗೆಯ ಆ ಸುಳ್ಳು.

“ಸಿಕ್ತೇನಪ್ಪ?” ಎಂದು ಅತ್ತೆ ದಿನವೂ ಕೇಳುತ್ತಿದ್ದರು.

“ಇನ್ನೂ ಇಲ್ಲ ಅತ್ತೆ.”

“ನನ್ನ ಮಗಳ ಕೆಲಸವೇ ಹಾಗೆ. ಇಟ್ಟಿದ್ದು ಇಟ್ಟೋಳಿಗೇ ಸಿಗ್ತಿರಲಿಲ್ಲ.”

ಭಾನುವಾರ ಅಕ್ಷರದ ಹಲಗೆ. ಐದನೇ ಸಾಲು. ಅದರ ಮುಂದಿನ ವಾರ ಮೂರನೆಯದು. ನಾಳೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದ. ಸೋಮವಾರ ಒಂದು ಗಂಟೆಗೆ ಅವಳು “ಸರ್, ಇವತ್ತು ಏನು ಸಿಕ್ಕಿದೆ ಊಹಿಸಿ” ಎನ್ನುತ್ತಿದ್ದಳು. ಅವನು ಊಹಿಸುತ್ತಾ ಕೂತುಬಿಡುತ್ತಿದ್ದ.

ಇಪ್ಪತ್ತೊಂಬತ್ತನೇ ಪೆಟ್ಟಿಗೆಯಲ್ಲಿ ಬರೀ ಹಳೇ ಪತ್ರಿಕೆಗಳಿದ್ದವು. ಅವಳು ಬೇಗ ಮುಗಿಸಿದಳು, ಫೋನು ಮಾತ್ರ ಇಡಲಿಲ್ಲ.

“ಹನ್ನೆರಡು ವರ್ಷ ಆಯ್ತು ಸರ್ ಇಲ್ಲಿ. ಎಲ್ಲರೂ ‘ಬಿಸಾಕಿ ಮೇಡಂ’ ಅನ್ನೋರೇ. ಹೋದ ಹೆಂಡತಿಯ ಒಂದು ಬಟ್ಟೆಗೋಸ್ಕರ ಇಷ್ಟು ದಿನ ಹುಡುಕಿಸಿದೋರು ನೀವೊಬ್ಬರೇ. ಇಂಥ ಮನುಷ್ಯರೂ ಇದಾರಲ್ಲ ಅಂತ...” ತಡೆದಳು. “ನಂಗೆ ಒಂದು ಗಂಟೆ ಯಾವಾಗ ಆಗತ್ತೋ ಅನ್ಸತ್ತೆ. ಹೇಳಬಾರದಿತ್ತೇನೋ.”

ಬೇರೆ ಯಾರಾದರೂ ಆಗಿದ್ದರೆ ಆ ಕ್ಷಣಕ್ಕೆ ಹಿಗ್ಗಿ ಹೀರೇಕಾಯಿಯಾಗುತ್ತಿದ್ದರು. ಅವನಿಗೆ ಮಾತ್ರ, ಒಳ್ಳೇ ಕಾವಲುಗಾರ ಎಂದು ಹೊಗಳಿಸಿಕೊಂಡ ಕಳ್ಳನ ಸಂಕಟ.

“ಸರ್? ಇದೀರಾ?”

“ಇದೀನಿ,” ಎಂದ.

ಮೂವತ್ಮೂರನೇ ಪೆಟ್ಟಿಗೆಯ ದಿನ ಅವನು ಪರದೆ ಸರಿಸಿ ಒಳಗೆ ಹೋದಾಗ ಅತ್ತೆ ಕಿಟಕಿಯ ಬೆಳಕಿನಲ್ಲಿ ಕೂತಿದ್ದರು. ತೊಡೆಯ ಮೇಲೆ ಹಳೇ ಚಿಂದಿ, ಕೈಯಲ್ಲಿ ನೀಲಿ ದಾರ.

“ಕೈ ತಪ್ಪಿಹೋಗಿದೆಯೇನೋ ಅಂತ ಸ್ವಲ್ಪ ಅಭ್ಯಾಸ ಮಾಡ್ತಿದೀನಿ. ಸೂಜಿಗೆ ದಾರ ಪೋಣಿಸಿ ಕೊಡು.”

ಪೋಣಿಸಿ ಕೊಟ್ಟ. ಅತ್ತೆ ಕೈ ಚಾಚಿಯೇ ಇದ್ದರು.

“ಕೊಡು ಅಂದೆ.”

“ಕೊಟ್ಟೆ ಅತ್ತೆ. ನಿಮ್ಮ ಬೆರಳಲ್ಲೇ ಇದೆ.”

ಅತ್ತೆ ಹೆಬ್ಬೆರಳಿಂದ ಸೂಜಿಯನ್ನು ಸವರಿದರು. ಆಮೇಲೆ ಸೂಜಿಯನ್ನು ಚಿಂದಿಗೆ ಚುಚ್ಚಿ, ಮಡಿಸಿ, ಪಕ್ಕಕ್ಕಿಟ್ಟರು. “ಬಟ್ಟೆ ಸಿಕ್ಕಾಗ ಸಿಗಲಿ,” ಎಂದರು.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಅವನು ಹೊರಟ.

ಗೋದಾಮಿನ ಬಾಗಿಲಲ್ಲಿ ಒಂದು ಮೇಜು. ಮೇಜಿನ ಹಿಂದೆ ಒಬ್ಬಳು ಬರೆಯುತ್ತಿದ್ದಳು. ನಲವತ್ತರ ಹತ್ತಿರ ಇರಬೇಕು. ಕಿವಿಯ ಹಿಂದೆ ಸೀಮೆಸುಣ್ಣದ ತುಂಡು, ಸಡಿಲವಾದ ಕನ್ನಡಕ ಮೂಗಿನ ತುದಿಗೆ ಜಾರಿತ್ತು.

“ಬೀಗದ ಕೈ ತಂದಿದೀರಾ?” ಎಂದಳು ತಲೆಯೆತ್ತದೆ.

“ಇಲ್ಲ. ಅದು ನಿಮ್ಮ ಹತ್ರಾನೇ ಇದೆ.”

ಪೆನ್ನು ನಿಂತಿತು. ಮೊದಲು ಅವಳ ಕಿವಿ ಕೆಂಪಾಯಿತು. ಆಮೇಲೆ ಕನ್ನಡಕದ ಮೇಲಿನಿಂದ ಕಣ್ಣುಗಳು ಎದ್ದವು. ಅವನ ಚಪ್ಪಲಿಯಿಂದ ಹೊರಟು, ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹತ್ತಿ, ಮುಖಕ್ಕೆ ಬಂದು, ಅಲ್ಲೇ ಉಳಿದವು.

“ಇಷ್ಟು ಎತ್ತರಾನಾ?” ಎಂದಳು. “ಫೋನಲ್ಲಿ ದನಿ ಕುಳ್ಳಗಿದೆ.”

ಅವನಿಗೆ ನಗು ಬಂತು, ಬಂದದ್ದಕ್ಕೆ ನೋವಾಯಿತು. ಅವಳು ಮುಂದೆ ಮುಂದೆ ನಡೆದು ಕೋಣೆ ತೆರೆದಳು. ತೆರೆದ ಪೆಟ್ಟಿಗೆಗಳೆಲ್ಲ ಗೋಡೆಗೆ ಒತ್ತಿ ನಿಂತಿದ್ದವು. ಉಳಿದ ಐದು ಮೂಲೆಯಲ್ಲಿ. ಎತ್ತರದ ಹಲಗೆಯ ಮೇಲೆ ಮೀನಿನ ಬಟ್ಟೆ ಒಂದೇ ಮಡಿಸಿ ಇಟ್ಟಿತ್ತು.

“ಅದು ನೀವು ಕೇಳಿದ್ದಲ್ಲ, ಗೊತ್ತು. ಆದ್ರೆ ಬಿಸಾಕೋಕೆ ಮನಸ್ಸು ಬರಲಿಲ್ಲ. ಬಿಸಿಲಿಗೆ ಹಿಡಿದು ಇಟ್ಟೆ.”

“ಅದೇ ಇದು,” ಎಂದ.

“ಏನು?”

“ಅವತ್ತು ಸಿಕ್ಕಿದ್ದೇ ಅದು. ಹೌದು ಅಂದಿದ್ರೆ ನೀವು ಫೋನ್ ಮಾಡೋದು ನಿಲ್ತಿತ್ತು.”

ಅವಳು ತಮಾಷೆ ಎಂದುಕೊಂಡು ನಗಲು ಹೊರಟಳು. ಅವನ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು.

“ಅವರ ಕಣ್ಣು?”

“ನಿನ್ನೆ ಬೆರಳಲ್ಲಿದ್ದ ಸೂಜಿ ಕಾಣಲಿಲ್ಲ.”

ಮೇಲೆ ತಗಡು ಬಿಸಿಲಿಗೆ ಟಕ್ ಟಕ್ ಎನ್ನುತ್ತಿತ್ತು. ಅವಳು ಒಂದು ಪೆಟ್ಟಿಗೆಯ ಮೇಲೆ ಕೂತಳು.

“ನನ್ನ ಮಾತು ಕೇಳೋಕೆ ಅವರ ಕಣ್ಣು ಖರ್ಚು ಮಾಡಿದ್ರಿ,” ಎಂದಳು ಕೊನೆಗೆ. “ನಂಗೆ ಗೊತ್ತಿಲ್ಲದ ಹಾಗೆ ನನ್ನನ್ನೂ ಅದರಲ್ಲಿ ಸೇರಿಸಿದ್ರಿ. ನಾನಿಲ್ಲಿ ಊಟ ಬಿಟ್ಟು, ಇಲ್ಲದ ಹೂವನ್ನ ಹುಡುಕ್ತಾ ಇದ್ದೆ.”

ಅವನು ತಲೆ ತಗ್ಗಿಸಿ ನಿಂತ.

“ಬಟ್ಟೆ ಸಿಕ್ತು, ಆದ್ರೂ ಫೋನ್ ಮಾಡ್ತಿರಿ ಅಂದಿದ್ರೆ ಆಗ್ತಿತ್ತು.” ಅವಳು ಜಾರಿದ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡಳು. “ಮಾಡ್ತಿದ್ದೆ.”

ಅವಳು ಬಟ್ಟೆಯನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟಳು, ಬೆರಳು ತಾಗದಂತೆ.

“ಉಳಿದ ಸಾಮಾನು?”

“ಎಲ್ಲ ಕೊಟ್ಟುಬಿಡಿ.”

“ಎಷ್ಟು ಸಲೀಸಾಗಿ ಹೇಳಿದ್ರಿ ನೋಡಿ,” ಎಂದಳು. “ಹೊರಡಿ. ಮೊದಲು ಅದನ್ನ ತಲುಪಿಸಿ.”

ಅತ್ತೆ ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಿಂದ ಮೀನುಗಳನ್ನು ಒಂದೊಂದಾಗಿ ದಾಟಿದರು. “ಮೂರನೇದು ಸೊಟ್ಟ. ಬಿಚ್ಚಿ ಹಾಕೇ ಅಂದಿದ್ದೆ, ಕೇಳಲಿಲ್ಲ.” ಬಾಲವಿಲ್ಲದ ಮೀನಿನ ಹತ್ತಿರ ಬೆರಳು ನಿಂತಿತು.

ಅವನು ಎದುರಿಗೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ.

“ಕಣ್ಣು ಮಂಜಾಗಿದೆ, ಕಿವಿಯಲ್ಲ,” ಎಂದರು ಅತ್ತೆ. “ಒಂದು ಗಂಟೆಗೆ ನೀನು ನಗೋದು ಕೇಳ್ತಿತ್ತು. ನಾಲ್ಕು ವರ್ಷ ಆದ್ಮೇಲೆ ಈ ಮನೇಲಿ ಯಾರೋ ನಗ್ತಿದಾರೆ, ನಗಲಿ ಅಂತ ಸುಮ್ಮನಿದ್ದೆ. ಆ ನಗು ನನ್ನ ಬಟ್ಟೆ ಮೇಲೆ ಕೂತಿದೆ ಅಂತ ಗೊತ್ತಿರಲಿಲ್ಲ.”

“ಅತ್ತೆ...”

“ಕೋಪ ಬಂದಿದೆ ನಂಗೆ. ಬಂದಿಲ್ಲ ಅಂದ್ರೆ ಸುಳ್ಳು. ಎರಡು ದಿನ ಮಾತಾಡಿಸಬೇಡ.”

ಅತ್ತೆ ಮಾತಿಗೆ ತಪ್ಪಲಿಲ್ಲ. ಸರಿಯಾಗಿ ಎರಡು ದಿನ. ಮೂರನೇ ದಿನ ಬೆಳಿಗ್ಗೆ, “ಅಳಿಯ ದೇವರು ಟೀ ಮಾಡ್ತಾರೋ, ಅದಕ್ಕೂ ಆರು ವಾರ ಕಾಯಬೇಕೋ?” ಎಂದರು. ಅವನು ಒಲೆಯ ಮುಂದೆ ನಿಂತು ಅತ್ತ.

ಮಧ್ಯಾಹ್ನಗಳು ಬಂದವು, ಹೋದವು. ಫೋನು ಸುಮ್ಮನಿತ್ತು. ಸುಮ್ಮನಿರಲಿ, ನ್ಯಾಯವೇ ಎಂದುಕೊಂಡ. ಆದರೂ ಒಂದು ಗಂಟೆಗೆ ಯಾವ ಗಿರಾಕಿಯ ಮೂಗಿಗೂ ಕನ್ನಡಕ ನೆಟ್ಟಗೆ ಕೂರಿಸಲು ಅವನ ಕೈಗೆ ಆಗುತ್ತಿರಲಿಲ್ಲ.

ಎರಡನೇ ವಾರ, ಗುರುವಾರ, ಅದೇ ಹೊತ್ತಿಗೆ ಅಂಗಡಿಯ ಬಾಗಿಲು ತೆರೆಯಿತು.

“ಅವರನ್ನ ನೋಡೋಕೆ ಬಂದೆ,” ಎಂದಳು ಗೋದಾಮಿನವಳು. “ನಿಮ್ಮನ್ನಲ್ಲ.”

ಅವನು ಪರದೆ ಎತ್ತಿ ಹಿಡಿದ.

“ಯಾರದು?” ಎಂದರು ಅತ್ತೆ.

“ನಾನು, ಗೋದಾಮಿನವಳು ಅಮ್ಮ.”

“ಓ, ಒಂದು ಗಂಟೆಯವಳಾ! ಬಾ, ಹತ್ರ ಕೂತ್ಕೋ. ಇವನ ಕಳ್ಳತನದಲ್ಲಿ ನಿಂಗೂ ಪಾಲು ಬಂದಿದೆಯಂತೆ.”

“ಅದಕ್ಕೇ ಬಂದೆ ಅಮ್ಮ. ತಿಳಿಯದೇ ತಿಂದ ಪಾಲಾದ್ರೂ ಅರಗ್ತಿಲ್ಲ.”

ಅತ್ತೆ ಅವಳ ಕೈ ಹುಡುಕಿ, ಹಿಡಿದು, ಬಟ್ಟೆಯ ಮೇಲಿಟ್ಟರು. “ನೀನು ಚೆನ್ನಾಗಿ ಹೇಳ್ತೀಯಂತೆ. ಹೇಳು. ಬೆರಳಿಗೆ ಎಲ್ಲ ತಿಳಿಯತ್ತೆ, ಬಣ್ಣ ಒಂದು ತಿಳಿಯಲ್ಲ.”

ಅವಳು ಬಟ್ಟೆಯನ್ನು ಬೆಳಕಿಗೆ ತಿರುಗಿಸಿದಳು. “ಮೊದಲನೇ ಮೀನು ಬೆಳಗಿನ ಆಕಾಶದ ನೀಲಿ ಅಮ್ಮ. ಹೊಟ್ಟೆಯ ಹತ್ರ ತೆಳುವಾಗ್ತಾ ಹೋಗಿದೆ. ಕಣ್ಣಿಗೆ ಒಂದು ಕಪ್ಪು ಗಂಟು. ಎರಡನೇದು ಗಾಢ, ಬರೆಯೋ ಇಂಕಿನ ಹಾಗೆ.”

“ಇಂಕಿನ ನೀಲಿ ನಾನು ಕೊಡಿಸಿದ್ದಲ್ಲ!” ಅತ್ತೆ ನೆಟ್ಟಗೆ ಕೂತರು. “ನಂಗೆ ಹೇಳದೆ ತಂದಿದಾಳೆ. ಹೊಲಿಗೆ? ಒತ್ತಾಗಿದೆಯಾ?”

“ಒತ್ತಾಗಿದೆ. ಒಂದು ಕಡೆ ಮಾತ್ರ ಉದ್ದುದ್ದ ಹಾಕಿದಾರೆ. ಬೇಜಾರು ಬಂದಿತ್ತೇನೋ.”

“ಬಂದಿರತ್ತೆ. ಅವಳಿಗೆ ಬೇಗ ಬೇಜಾರು.” ಅತ್ತೆ ನಗುತ್ತಿದ್ದರು, ಕೆನ್ನೆ ಒದ್ದೆಯಾಗಿತ್ತು. ಒಂದೊಂದು ಮೀನಿಗೂ ಹತ್ತು ಪ್ರಶ್ನೆ. ಅವನು ಪರದೆಯ ಬಳಿ ನಿಂತೇ ಇದ್ದ. ತಾನು ಕದ್ದು ಕೇಳುತ್ತಿದ್ದ ಆ ದನಿ ಇಂದು ಸೇರಬೇಕಾದವರನ್ನು ಸೇರುತ್ತಿತ್ತು. ಅದರ ನಡುವೆ ಉಸಿರಾಡಲೂ ಅವನಿಗೆ ಸಂಕೋಚವಾಯಿತು.

ಆರನೇ ಮೀನು ಮುಗಿದಾಗ ಮೂರು ದಾಟಿತ್ತು. ಅವಳು ಮೊದಲ ಸಲ ಅವನ ಕಡೆ ತಿರುಗಿದಳು.

“ನಮ್ಮೂರಿಗೆ ಕೊನೇ ಬಸ್ಸು ಎಷ್ಟಕ್ಕೆ?”

“ಏಳಕ್ಕೆ,” ಎಂದ. ಬಾಯಿ ಅವನನ್ನು ಕೇಳದೆ ಆಡಿತ್ತು. ಅತ್ತೆಯ ಬೆರಳು ಬಟ್ಟೆಯ ಮೇಲೆ ನಿಂತಿತು. ಅವನೇ ತಿದ್ದಿಕೊಂಡ. “ಅಲ್ಲ. ನಾಲ್ಕಕ್ಕೆ. ಏಳಕ್ಕೆ ಯಾವ ಬಸ್ಸೂ ಇಲ್ಲ.”

ಅವಳು ಅವನನ್ನೇ ನೋಡಿದಳು. ತುಂಬಾ ಹೊತ್ತು ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ. ಅವಳ ತುಟಿಯ ಒಂದು ಕೊನೆ, ಬೇಡ ಬೇಡವೆನ್ನುತ್ತಲೇ, ಸಡಿಲಿತು.

“ಹಾಗಾದ್ರೆ ನಾಲ್ಕರದಕ್ಕೇ ಹೋಗ್ತೀನಿ,” ಎಂದು ಎದ್ದಳು. “ಅಮ್ಮ, ಇನ್ನೂ ಐದು ಮೀನು ಬಾಕಿ ಇದಾವೆ. ಮುಂದಿನ ಗುರುವಾರ ಬರ್ತೀನಿ.”

“ಬಾ,” ಎಂದರು ಅತ್ತೆ. “ಏನಪ್ಪಾ, ನಿಂತಿದೀಯಾ? ಅಂಗಡಿ ಬಾಗಿಲು ಹಾಕು. ಬಸ್ಸಿನ ತನಕ ಹೋಗಿ ಬಾ.”