ಏಳನೆಯ ಕೋಟೆಯ ಟಿಕೆಟ್

ಮಧ್ಯಾಹ್ನ ಮೂರಕ್ಕೆ ಕಾವಲಿನ ಟೀನಾ ಅರಮನೆ ಮ್ಯೂಸಿಯಮ್ಮಿನ ಬಾಗಿಲು ಮತ್ತೆ ತೆರೆದು, ಮೇಲಿನ ಸಭಾಂಗಣದ ದೀಪ ಹಾಕಿದಳು. ಗಾಜಿನ ಪೆಟ್ಟಿಗೆ ಖಾಲಿ. ಮಖಮಲ್ಲಿನ ಮೇಲೆ ಕೀಲಿಕೈಯ ಅಚ್ಚು ಮಾತ್ರ ಉಳಿದಿತ್ತು.

ಅದು ರೊಕ್ಕಸೋರ್ದ ಊರಿನ ಕೋಟೆಬಾಗಿಲಿನ ಹಳೆಯ ಕೀಲಿಕೈ, ಮೊಳದುದ್ದದ್ದು. ಆಗಸ್ಟಿನ ಹಬ್ಬದಲ್ಲಿ ಬಿಲ್ಲುಗಾರಿಕೆ ಗೆದ್ದ ಕೇರಿಯವರು ಅದಕ್ಕೆ ಮುತ್ತಿಟ್ಟು ವರ್ಷವಿಡೀ ಬೀಗುತ್ತಾರೆ. ಹಬ್ಬಕ್ಕೆ ಇನ್ನು ಮೂರೇ ದಿನ. ಪೆಟ್ಟಿಗೆಯ ಮುಚ್ಚಳಕ್ಕೆ ಬೀಗ ಕೂಡ ಇರಲಿಲ್ಲ. ಅದನ್ನು ಮುಟ್ಟುವ ಧೈರ್ಯ ಊರಿನ ಯಾರಿಗಿದೆ?

ಓರ್ನೆಲ್ಲಾ ಏದುಸಿರು ಬಿಡುತ್ತ ಬಂದಳು. ಊರಿನಲ್ಲಿರುವ ಮೂವರು ಪೊಲೀಸರಲ್ಲಿ ಅವಳೇ ಹಿರಿಯಳು.

"ಕೊನೆಗೆ ಯಾರು ಬಂದಿದ್ರು?"

"ಒಬ್ಬ ಮುದುಕ, ಜೊತೆಗೆ ಮೊಮ್ಮಗಳು. ಪೆಟ್ಟಿಗೆ ಮುಂದೆ ಅರ್ಧ ಗಂಟೆ ನಿಂತಿದ್ರು ಕಣೇ. ಒಂದು ಗಂಟೆಗೆ ಮುಚ್ಚಬೇಕು ಅಂತ ಕೆಳಗಿಂದ ಕೂಗಿದ್ಮೇಲೆ ಇಳಿದ್ರು. ನಾನು ಮೇಲೆ ಹೋಗ್ಲಿಲ್ಲ, ಬಾಗಿಲು ಹಾಕ್ಕೊಂಡು ಊಟಕ್ಕೆ ಹೋದೆ." ಟೀನಾ ದನಿ ತಗ್ಗಿಸಿದಳು. "ರುಮೇನಿಯಾದವ್ರು."

ಓರ್ನೆಲ್ಲಾಗೆ ಅಷ್ಟೇ ಸಾಕಾಯಿತು. ಮುಂದೆ ಅವಳು ಯಾರನ್ನೂ ಏನನ್ನೂ ಕೇಳಲಿಲ್ಲ.

* * *

ಮುದುಕ ಚೌಕದಲ್ಲಿ ಬಸ್ಸಿಗೆ ಕಾಯುತ್ತಿದ್ದ. ಹೆಸರು ಗ್ರಿಗೋರೆ, ನಿವೃತ್ತ ಮೇಷ್ಟ್ರು. ಮೊಮ್ಮಗಳು ಇಲಿಂಕಾಗೆ ಹನ್ನೆರಡಿರಬಹುದು.

"ಚೀಲ ತೆಗೀರಿ."

"ಇಲ್ಲೇನಾ?"

"ಇಲ್ಲೇ."

ಕಾಫಿ ಅಂಗಡಿಯ ಮುಂದೆ ಕೂತವರೆಲ್ಲ ಕುರ್ಚಿ ತಿರುಗಿಸಿಕೊಂಡರು. "ಜೇಬೂ ನೋಡಮ್ಮಾ, ಮರೀಬೇಡ," ಎಂದು ಒಬ್ಬ ಹಂಗಿಸಿದ. ಚೀಲದಿಂದ ಒಂದೊಂದೇ ಹೊರಬಂತು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹುಡುಗಿಯ ಒಳಬಟ್ಟೆ, ರಬ್ಬರ್ ಬ್ಯಾಂಡ್ ಹಾಕಿದ ಏಳು ಟಿಕೆಟ್ಟು. ಏಳು ಕೋಟೆಗಳದ್ದು, ಕೊನೆಯದು ಈ ಊರಿನದು. ಇಲಿಂಕಾ ಒಳಬಟ್ಟೆಯನ್ನು ಕಸಿದು ಎದೆಗೆ ಒತ್ತಿಕೊಂಡಳು.

ಗುಂಪಿನಲ್ಲಿ ಓರ್ನೆಲ್ಲಾಳ ಅಪ್ಪ ಎರ್ಮಿನಿಯೊ ಕೂಡ ನಿಂತಿದ್ದ. "ಬಿಟ್ಬಿಡೆ ಮಗಳೇ, ಅವರ ಬಸ್ ಹೋಗುತ್ತೆ," ಎಂದ. ಅಪ್ಪನದು ಮೊದಲಿನಿಂದಲೂ ಮೆದು ಮನಸ್ಸು ಎಂದುಕೊಂಡಳು. ಬಿಡಲಿಲ್ಲ. ಬಸ್ ಹೋಯಿತು.

ಕೀಲಿಕೈ ಸಿಗಲಿಲ್ಲ. ಹುಡುಗಿ ಕಣ್ಣೊರೆಸಿಕೊಂಡು ಮೊಬೈಲನ್ನು ಓರ್ನೆಲ್ಲಾಳ ಮುಖಕ್ಕೇ ಹಿಡಿದಳು.

"ನಿಮ್ಮೂರಿಂದ ನಾವು ತಗೊಂಡಿದ್ದು ಇದೊಂದೇ. ಇದೂ ಸರಿಯಾಗಿ ಬಂದಿಲ್ಲ."

ಕೀಲಿಕೈಯ ಫೋಟೊ. ಹನ್ನೆರಡು ಐವತ್ತೆರಡಕ್ಕೆ ತೆಗೆದದ್ದು. ಗಾಜಿನ ಮೇಲೆ ಕಣ್ಣು ಕುಕ್ಕುವ ಬಿಸಿಲು.

* * *

ಬಿಸಿಲು! ಓರ್ನೆಲ್ಲಾ ಮತ್ತೆ ಅರಮನೆಯ ಮೆಟ್ಟಿಲು ಹತ್ತಿದಳು. ದಕ್ಷಿಣದ ಕಿಟಕಿಯ ಮರದ ಬಾಗಿಲು ಭದ್ರವಾಗಿ ಮುಚ್ಚಿತ್ತು, ಕೊಂಡಿಯೂ ಬಿದ್ದಿತ್ತು.

"ಇದನ್ನ ನೀನು ಮುಚ್ಚಿದ್ಯಾ?"

"ನಾನ್ಯಾಕೆ ಮುಚ್ಚಲಿ? ಕತ್ತಲಿತ್ತು ಅಂತಾನೇ ದೀಪ ಹಾಕಿದ್ದು," ಎಂದಳು ಟೀನಾ. ಅವಳು ಈ ಕೆಲಸಕ್ಕೆ ಸೇರಿದ್ದು ಈಸ್ಟರ್ ಆದಮೇಲೆ.

ಪೆಟ್ಟಿಗೆಯ ಪಕ್ಕದಲ್ಲೇ ಊರಿನ ಹಳೆಯ ರೇಷ್ಮೆ ಬಾವುಟ ತೂಗುತ್ತಿತ್ತು. ಓರ್ನೆಲ್ಲಾ ಅದರತ್ತ ತಿರುಗಿದಳು. 'ಮಧ್ಯಾಹ್ನದ ಬಿಸಿಲು ಬಿದ್ರೆ ರೇಷ್ಮೆ ಸಾಯುತ್ತೆ ಕಣೆ.' ಚಿಕ್ಕಂದಿನಿಂದ ಈ ಮಾತು ಕೇಳಿ ಬೆಳೆದವಳು ಅವಳು. ಮೂವತ್ತು ವರ್ಷ ಇಲ್ಲಿ ಕಾವಲಿದ್ದವನು ಅವಳ ಅಪ್ಪನೇ.

* * *

ಎರ್ಮಿನಿಯೊ ಅಡುಗೆಮನೆಯಲ್ಲಿ ಕೂತಿದ್ದ. ಮಧ್ಯಾಹ್ನದ ಪಾಸ್ತಾ ತಟ್ಟೆಯಲ್ಲಿ ಹಾಗೇ ಆರಿ ಅಂಟಿಕೊಂಡಿತ್ತು. ಒಂದು ಗಂಟೆಗೆ ಸರಿಯಾಗಿ ಉಣ್ಣುವ ಮನುಷ್ಯ.

"ಅಪ್ಪಾ, ಹೊರಗಿನ ಕಳ್ಳ ಆಗಿದ್ರೆ ಕೀಲಿಕೈ ತಗೊಂಡು ಓಡ್ತಿದ್ದ. ಬಾವುಟಕ್ಕೆ ಬಿಸಿಲು ಬೀಳುತ್ತೆ ಅಂತ ನಿಂತು ಕಿಟಕಿ ಮುಚ್ತಿರಲಿಲ್ಲ. ಮುಂದಿನ ಬಾಗಿಲಿಗೆ ಟೀನಾ ಬೀಗ ಹಾಕಿದ್ಲು. ಹಿಂಬಾಗಿಲಿನ ಕೀಲಿ ನಿನ್ನ ಹತ್ರ ಇನ್ನೂ ಇದೆ, ವಾಪಸ್ ಕೊಡು ಅಂತ ಯಾರೂ ಕೇಳಿಲ್ಲ."

ಎರ್ಮಿನಿಯೊ ಕೈ ನೋಡಿಕೊಂಡ. "ಕಿಟಕಿ ಮುಚ್ಚಿದ್ದು ನನಗೆ ನೆನಪೇ ಇಲ್ಲ ಕಣೆ."

"ಯಾಕಪ್ಪಾ?"

"ನಾಳೆ ಅಂಕೋನಾದಿಂದ ತಜ್ಞರು ಬರ್ತಾರೆ, ಕೀಲಿಕೈ ಪರೀಕ್ಷೆ ಮಾಡೋಕೆ. ಅದು ಅಸಲಿ ಅಲ್ಲ. ನೀನು ಹುಟ್ಟಿದ ವರ್ಷ, ಹಬ್ಬದ ದಿನ, ಕುಡಿದು ಕೋಟೆಗೋಡೆ ಮೇಲೆ ನಿಂತು ಎಲ್ಲರಿಗೂ ಎತ್ತಿ ತೋರಿಸ್ತಿದ್ದೆ. ಜನ ಚದುರಿದ ಮೇಲೆ ಕೈಜಾರಿ ಕಮರಿಗೆ ಬಿತ್ತು, ಯಾರೂ ನೋಡ್ಲಿಲ್ಲ. ಕಮ್ಮಾರನ ಕೈಲಿ ಇನ್ನೊಂದು ಮಾಡಿಸಿ ವಿನೆಗರ್‌ನಲ್ಲಿ ನೆನೆಹಾಕಿ ತುಕ್ಕು ಹಿಡಿಸಿದೆ. ಇಷ್ಟು ವರ್ಷ ಇಡೀ ಊರು ನನ್ನ ಸುಳ್ಳಿಗೆ ಮುತ್ತಿಟ್ಟಿದೆ. ಅದು ಹೊರಗೆ ಬೀಳೋ ಬದಲು ಕಳುವಾಗಲಿ ಅಂದ್ಕೊಂಡೆ."

"ಆ ಮಗು ಎದುರು ನಾನು ಚೀಲ ತೆಗೆಸಿದಾಗ ನೀನು ಅಲ್ಲೇ ನಿಂತಿದ್ದೆ."

"ಹೂಂ. ನಿಂತಿದ್ದೆ." ಅವನಿಂದ ತಲೆ ಎತ್ತಲಾಗಲಿಲ್ಲ. ಹಿಟ್ಟಿನ ಡಬ್ಬಿಯಿಂದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟ.

* * *

ಆರರ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಅದೇ ಚೌಕ, ಅದೇ ಕುರ್ಚಿಗಳು. ಎರ್ಮಿನಿಯೊ ಕೀಲಿಕೈ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದ. ಜಂಭವನ್ನು, ಕಮರಿಯನ್ನು, ಕಿಟಕಿಯನ್ನು, ಯಾವುದನ್ನೂ ಬಿಡಲಿಲ್ಲ. ಹಂಗಿಸಿದ್ದವನು ಕಾಫಿ ಲೋಟದೊಳಗೆ ಮುಖ ತೂರಿಸಿದ.

ಓರ್ನೆಲ್ಲಾ ಮುದುಕನ ಮುಂದೆ ನಿಂತಳು. ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದಳು.

"ಮೇಷ್ಟ್ರೇ, ಅಪ್ಪನ ಮೇಲೆ ಕೇಸ್ ನಾನೇ ಬರೀತೀನಿ. ನನ್ನ ತಪ್ಪು ಬೇರೆ. ಕಿಟಕಿ ಆಗಲೇ ಮುಚ್ಚಿತ್ತು, ನೋಡಿದ್ರೆ ಗೊತ್ತಾಗ್ತಿತ್ತು. ನಾನು ನೋಡ್ಲೇ ಇಲ್ಲ. ನೀವು ಎಲ್ಲಿಯವರು ಅಂತ ಕಿವಿಗೆ ಬಿತ್ತು, ಅಷ್ಟಕ್ಕೇ ಚೀಲ ತೆಗೆಸಿದೆ."

ಗ್ರಿಗೋರೆ ಚೀಲವನ್ನು ಹೆಗಲಿಗೇರಿಸಿದ. "ಗೊತ್ತು," ಎಂದ. "ಆಗಲೇ ಗೊತ್ತಿತ್ತು."

ಬಸ್ ಬಂತು. ಇಲಿಂಕಾ ಟಿಕೆಟ್ಟುಗಳ ರಬ್ಬರ್ ಬ್ಯಾಂಡ್ ಬಿಚ್ಚಿ, ಒಂದನ್ನು ಆರಿಸಿ ತೆಗೆದು, ಓರ್ನೆಲ್ಲಾಳ ಕೈಗೆ ಕೊಟ್ಟಳು. ರೊಕ್ಕಸೋರ್ದದ್ದು.

"ಇದು ನಮಗೆ ಬೇಡ," ಎಂದಳು. ಉಳಿದ ಆರಕ್ಕೆ ಮತ್ತೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ತಾತನ ಹಿಂದೆ ಬಸ್ ಹತ್ತಿದಳು.